ಕೇಳಿದರೆ ಏನಾಗುತ್ತದೆ?

ಮಗು ಮಂಕಾಗಿದೆ, ತಟ್ಟೆಯಲ್ಲಿ ಅನ್ನ ಉಳಿಯುತ್ತಿದೆ, ಗೆಳೆಯರ ಫೋನನ್ನೂ ಎತ್ತುತ್ತಿಲ್ಲ. ‘ಸಾಯಬೇಕು ಅಂತೇನಾದ್ರೂ ಅನ್ನಿಸ್ತಿದೆಯಾ ಪುಟ್ಟಾ?’ ಎಂದು ನೇರವಾಗಿ ಕೇಳಿಬಿಡಬಹುದೇ? ‘ಬಿಡ್ತು ಅನ್ನು! ಇಲ್ಲದ್ದನ್ನ ಯಾಕೆ ತಲೆಗೆ ತುಂಬ್ತೀಯ?’ ಎಂದು ನಮ್ಮ ಮನೆಗಳಲ್ಲಿ ಹಿರಿಯರು ಗದರುತ್ತಾರೆ. ಅಮೆರಿಕದ ಹೈಸ್ಕೂಲುಗಳಲ್ಲೂ ಇದೇ ಭಯವಿತ್ತು. ಆ ಭಯ ನಿಜವೋ ಸುಳ್ಳೋ ಎಂದು ಪ್ರಯೋಗ ಮಾಡಿಯೇ ನೋಡಿದವರು ಮ್ಯಾಡಲಿನ್ ಗೂಲ್ಡ್.

ಗೂಲ್ಡ್ ಕೆಲಸ ಮಾಡಿದ್ದು ನ್ಯೂಯಾರ್ಕ್ ಸ್ಟೇಟ್ ಸೈಕಿಯಾಟ್ರಿಕ್ ಇನ್‌ಸ್ಟಿಟ್ಯೂಟಿನಲ್ಲಿ. 1895ರಲ್ಲಿ ಶುರುವಾದ ಈ ಸಂಸ್ಥೆ ಈಗ ಮ್ಯಾನ್‌ಹಟನ್ನಿನ ಉತ್ತರ ಭಾಗದಲ್ಲಿ, ಹಡ್ಸನ್ ನದಿಯ ಪಕ್ಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆ ಸೇರಿಕೊಂಡಿದೆ. ಹದಿಹರೆಯದವರ ಆತ್ಮಹತ್ಯೆಯ ಅಧ್ಯಯನಕ್ಕೆ ಅಲ್ಲಿ ನೆಲೆ ಒದಗಿಸಿದವರು, ಲಂಡನ್ನಿನಿಂದ ಬಂದ ಮನೋವೈದ್ಯ ಡೇವಿಡ್ ಶಾಫರ್. ನ್ಯೂಯಾರ್ಕ್ ಸುತ್ತಮುತ್ತ ಆತ್ಮಹತ್ಯೆ ಮಾಡಿಕೊಂಡ, ಇಪ್ಪತ್ತು ತುಂಬದ 120 ಮಕ್ಕಳ ಬದುಕನ್ನು ಅವರ ತಂಡ ಮನೆಯವರನ್ನೂ ಒಡನಾಡಿಗಳನ್ನೂ ಮಾತನಾಡಿಸಿ ಮತ್ತೆ ಜೋಡಿಸಿತು. 1996ರಲ್ಲಿ ಪ್ರಕಟವಾದ ಆ ವರದಿಯ ಒಂದು ಲೆಕ್ಕ ನನ್ನನ್ನು ಬಹಳ ಕಾಡಿತು. ಅಪ್ಪ ಅಮ್ಮ ಹೇಳಿದ್ದನ್ನಷ್ಟೇ ನಂಬಿದರೆ, ಆ ಮಕ್ಕಳಲ್ಲಿ ಮಾನಸಿಕ ಕಾಯಿಲೆಯ ಲಕ್ಷಣ ಇದ್ದವರು ಶೇ 59. ಬೇರೆಯವರು ಹೇಳಿದ್ದನ್ನೂ ಸೇರಿಸಿಕೊಂಡಾಗ ಅದು ಶೇ 91ಕ್ಕೆ ಏರಿತು. ಒಂದೇ ಸೂರಿನ ಕೆಳಗಿದ್ದವರಿಗೂ ಕಾಣದೇ ಹೋದದ್ದು ಅಷ್ಟಿತ್ತು.

ಹಾಗಿದ್ದರೆ ಮಕ್ಕಳನ್ನೇ ಕೇಳಬೇಕಲ್ಲವೇ? ಶಾಫರ್ ಗುಂಪು ಶಾಲೆಗಳಲ್ಲಿ ಪ್ರಶ್ನಾವಳಿ ಹಂಚಿ ಅಪಾಯದಲ್ಲಿರುವವರನ್ನು ಗುರುತಿಸುವ ‘ಟೀನ್‌ಸ್ಕ್ರೀನ್’ ಎಂಬ ಕಾರ್ಯಕ್ರಮ ರೂಪಿಸಿತು. ಆದರೆ ‘ಬಿಡ್ತು ಅನ್ನು’ ಎಂಬ ಭಯ ಅಲ್ಲಿಯೂ ಅಡ್ಡಬಂತು.

ಗೂಲ್ಡ್ ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳನ್ನು ಆರಿಸಿಕೊಂಡರು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಯಿತು. ಒಂದು ಗುಂಪಿನ ಪ್ರಶ್ನಾವಳಿಯಲ್ಲಿ ಆತ್ಮಹತ್ಯೆಯ ಯೋಚನೆ ಬಂದಿದೆಯೇ, ಪ್ರಯತ್ನಿಸಿದ್ದೀಯಾ ಎಂಬ ನೇರ ಪ್ರಶ್ನೆಗಳಿದ್ದವು. ಇನ್ನೊಂದರಲ್ಲಿ ಮಿಕ್ಕೆಲ್ಲ ಇತ್ತು, ಅವು ಮಾತ್ರ ಇರಲಿಲ್ಲ. ಉತ್ತರ ಬರೆದ ಕೂಡಲೇ ಮನಸ್ಸಿಗೆ ಎಷ್ಟು ಕಸಿವಿಸಿಯಾಗಿದೆ ಎಂದು ಅಳೆದರು. ಎರಡು ದಿನ ಬಿಟ್ಟು ಎರಡೂ ಗುಂಪುಗಳಿಗೆ ಅವೇ ನೇರ ಪ್ರಶ್ನೆಗಳನ್ನು ಕೊಟ್ಟರು. ಮೊದಲ ದಿನದ ಪ್ರಶ್ನೆ ತಲೆಗೆ ಏನಾದರೂ ತುಂಬಿದ್ದರೆ ಈಗ ಗೊತ್ತಾಗಬೇಕು.

ಏನೂ ತುಂಬಿರಲಿಲ್ಲ. ಮೊದಲೇ ಪ್ರಶ್ನೆ ಎದುರಿಸಿದವರಲ್ಲಿ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಇನ್ನೂ ಒಂದು ಸಂಗತಿ ಇತ್ತು: ಖಿನ್ನತೆಯಿಂದ ಬಳಲುತ್ತಿದ್ದವರು, ಹಿಂದೊಮ್ಮೆ ಪ್ರಯತ್ನಿಸಿದ್ದವರು ತಮ್ಮಂಥದೇ ಸ್ಥಿತಿಯಲ್ಲಿದ್ದ ಇನ್ನೊಂದು ಗುಂಪಿನವರಿಗಿಂತ ತುಸು ಹಗುರಾದಂತೆ ಕಂಡರು. 2005ರಲ್ಲಿ ಇದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು.

ಗೂಲ್ಡ್ ಅವರ ಮಾತೇ ಯಾಕೆ ಮುಖ್ಯ ಎಂದರೆ, ಮಾತಿನಿಂದ ಕೇಡಾಗುತ್ತದೆ ಎಂದು ಹೇಳಿದವರಲ್ಲಿ ಅವರೂ ಒಬ್ಬರು. ಟೀವಿಯಲ್ಲಿ ಬಂದ, ಆತ್ಮಹತ್ಯೆಯ ಕತೆಯಿದ್ದ ಚಿತ್ರಗಳ ನಂತರ ನ್ಯೂಯಾರ್ಕ್ ಪ್ರದೇಶದ ಹದಿಹರೆಯದವರಲ್ಲಿ ಪ್ರಯತ್ನಗಳು ಏರಿದವು ಎಂದು 1986ರಲ್ಲಿ ಶಾಫರ್ ಜೊತೆ ಬರೆದಿದ್ದರು. ಬೇರೆ ಕಡೆಯ ಲೆಕ್ಕ ಅದಕ್ಕೆ ಪೂರ್ತಿ ತಾಳೆಯಾಗಲಿಲ್ಲ, ಅದು ಬೇರೆ ಮಾತು. ಆದರೂ ಅಂಥವರೇ ‘ಕೇಳಿ, ಏನೂ ಆಗುವುದಿಲ್ಲ’ ಎಂದದ್ದಕ್ಕೆ ತೂಕ ಹೆಚ್ಚು. ಸಾವನ್ನು ರಂಗಾಗಿ ತೋರಿಸುವುದು ಬೇರೆ, ಎದುರಿಗೆ ಕೂತು ‘ನಿನಗೆ ಹೇಗನ್ನಿಸ್ತಿದೆ’ ಎನ್ನುವುದು ಬೇರೆ. ನಮ್ಮ ಟೀವಿ ಚಾನೆಲ್ಲುಗಳು ಮೊದಲನೆಯದನ್ನು ದಿನವಿಡೀ ಮಾಡುತ್ತವೆ, ಎರಡನೆಯದಕ್ಕೆ ನಾವು ಹೆದರಿ ಕೂರುತ್ತೇವೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಅದೇ ಕೊಲಂಬಿಯಾದಲ್ಲಿ ಕೆಲ್ಲಿ ಪೋಸ್ನರ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಪ್ರಶ್ನೆಗಳು ಮೆಲ್ಲಗೆ ಮೆಟ್ಟಿಲೇರುತ್ತವೆ: ಮಲಗಿದರೆ ಮತ್ತೆ ಏಳದಿದ್ದರೆ ಸಾಕು ಅನ್ನಿಸಿತ್ತಾ ಎಂಬಲ್ಲಿಂದ ಶುರುವಾಗಿ ಯೋಚನೆ, ಉದ್ದೇಶ, ಸಿದ್ಧತೆಯವರೆಗೆ. ‘ಹೌದು’ ಎಂಬ ಉತ್ತರ ಮೇಲೇರಿದಷ್ಟೂ ನೆರವು ಬೇಗ ಸಿಗಬೇಕು.

ಇಷ್ಟಾದರೂ ಭವಿಷ್ಯ ಹೇಳಲು ಇನ್ನೂ ಬಂದಿಲ್ಲ. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಜೋಸೆಫ್ ಫ್ರಾಂಕ್ಲಿನ್ ತಂಡ, ಯಾರು ಮುಂದೆ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ ಎಂಬ ಊಹೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಅಷ್ಟೇನೂ ಮೇಲಲ್ಲ ಎಂದು 2017ರಲ್ಲಿ ತೋರಿಸಿತು. ಟೀನ್‌ಸ್ಕ್ರೀನ್ ಅಷ್ಟರಲ್ಲಿ ನಿಂತೇಹೋಗಿತ್ತು. ಶಾಲೆ ಮಕ್ಕಳಿಗೆ ಸುಮ್ಮನೆ ರೋಗಿಯ ಹಣೆಪಟ್ಟಿ ಹಚ್ಚುತ್ತದೆ ಎಂದು ಹಲವರು ವಿರೋಧಿಸುತ್ತಲೇ ಇದ್ದರು, 2012ರಲ್ಲಿ ಅದು ಮುಚ್ಚಿತು. ಹಣೆಪಟ್ಟಿಯ ಆತಂಕ ಪೂರಾ ಸುಳ್ಳು ಎಂದು ನಾನು ಹೇಳಲಾರೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಡುವ ಆಪ್ತಸಮಾಲೋಚಕರು ಶಾಲೆಯಲ್ಲಿ ಇರಬೇಕಲ್ಲ.

ನಮ್ಮ ದೇಶದಲ್ಲಂತೂ ಕಿವಿಗೊಡುವವರು ಬೇಕೇಬೇಕು: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಾಗಿ ‘ಟೆಲಿ ಮಾನಸ್’ ಸಹಾಯವಾಣಿ ದೇಶಕ್ಕೆಲ್ಲ ಶುರುವಾಯಿತು. ಹಗಲು ರಾತ್ರಿ ಎನ್ನದೆ 14416ಕ್ಕೆ ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳಷ್ಟೇ ಅಲ್ಲ, ಮಗುವನ್ನು ಹೇಗೆ ಮಾತನಾಡಿಸಲಿ ಎಂದು ತೋಚದ ಅಮ್ಮನೂ ಮಾಡಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಹಾಲ್ ಟಿಕೆಟ್ಟಿನ ಹಿಂದೆ ಆ ಐದು ಅಂಕಿ ಅಚ್ಚು ಹಾಕಿಸಲು ಒಂದು ಸಾಲಿನ ಜಾಗ ಸಾಕು.