ಮೈಕ್ ಹೊಸದು, ಕೋಣೆ ಅದೇ

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಎಂದರೆ ಹೆದ್ದಾರಿಯಲ್ಲಿ ಓಡಾಡುವವರಿಗೆ ಉತ್ಸವ ರಾಕ್ ಗಾರ್ಡನ್ ನೆನಪಾಗುತ್ತದೆ. ಹಾಡು, ಕುಣಿತಗಳ ನಂಟಿರುವವರಿಗೆ ನೆನಪಾಗುವುದು 2011ರಲ್ಲಿ ಆರಂಭವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ. ಶರೀಫರ ಶಿಶುನಾಳ, ಕನಕದಾಸರ ಬಾಡ ಎರಡೂ ಇದೇ ತಾಲ್ಲೂಕಿನವು. ತತ್ವಪದ, ಲಾವಣಿ, ಡೊಳ್ಳಿನ ಪದಗಳಿಗೆ ಬರವಿಲ್ಲದ ಸೀಮೆಯಿದು. ಹಾಡು ಹಿಡಿದಿಡುವ ಕೆಲಸ ಈಗ ಸ್ಟುಡಿಯೊಗಳ ಸ್ವತ್ತಾಗಿ ಉಳಿದಿಲ್ಲ. ಫೋನಿನ ಜೊತೆಗೊಂದು ಅಗ್ಗದ ಮೈಕ್ ಇದ್ದರೆ ಅಜ್ಜಿಯ ಬೀಸುವ ಪದವೂ ಅಂದೇ ಸಂಜೆ ಯೂಟ್ಯೂಬ್ ಏರುತ್ತದೆ.

ಯಾವ ಸಾಧನ ಎಂದು ಕೇಳಿದರೆ ಮಾತ್ರ ಉತ್ತರ ಆಗಾಗ ಬದಲಾಗುತ್ತದೆ. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ ಬಂತು. 1979ರಲ್ಲಿ ಅದೇ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುವ ಟಾಸ್ಕ್ಯಾಮ್ ಪೋರ್ಟಾಸ್ಟುಡಿಯೊ, 1992ರಲ್ಲಿ ಮಿನಿಡಿಸ್ಕ್ ಬಂದವು. ಆಮೇಲೆ ಯುಎಸ್‌ಬಿ ಮೈಕ್, ಗೋಡೆಗೆ ಅಂಟಿಸುವ ಫೋಮ್, ಕಾಲರಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್, ಈಗ 32-ಬಿಟ್ ಫ್ಲೋಟ್ ರೆಕಾರ್ಡರ್. ಇವೆಲ್ಲ ಮೋಸವೇನಲ್ಲ. ಆದರೆ ಆಗಲೇ ಚೆನ್ನಾಗಿರುವ ಭಾಗದ ಅಂಕಿಯನ್ನೇ ಜಾಹೀರಾತು ಇನ್ನಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಮನೆಯ ರೆಕಾರ್ಡಿಂಗ್ ಕೆಡುವುದು ಬೇರೆ ಕಡೆ.

ಅಂಕಿಗಳ ಆಟ

'192 ಕಿಲೋಹರ್ಟ್ಜ್' ಎಂಬ ಹೆಗ್ಗಳಿಕೆಯನ್ನೇ ನೋಡಿ. ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯಲಾಗುತ್ತದೋ ಅದರ ಅರ್ಧದಷ್ಟು ಆವೃತ್ತಿಯವರೆಗಿನ ಸ್ವರವನ್ನು ಯಥಾವತ್ತಾಗಿ ಮರಳಿ ಪಡೆಯಬಹುದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿರುವುದರಿಂದ 22,050 ಹರ್ಟ್ಜ್‌ವರೆಗೆ ಹಿಡಿಯುತ್ತದೆ. ಎಳೆಯ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಜ್; ವಯಸ್ಸಾದಂತೆ ಅದೂ ಇಳಿಯುತ್ತದೆ. 192 ಕಿಲೋಹರ್ಟ್ಜ್‌ನಲ್ಲಿ ಮುದ್ರಿಸಿದರೆ ಬಾವಲಿಯ ಕೂಗಿಗೂ ಜಾಗವಿರುತ್ತದೆ, ಹಾಡಿಗೆ ಲಾಭವಿಲ್ಲ.

ಪ್ರತಿ ಅಳತೆಯನ್ನು ಬರೆದಿಡುವ ಬಿಟ್‌ಗಳ ಲೆಕ್ಕವೂ ಹೀಗೆಯೇ. ಒಂದು ಬಿಟ್ ಹೆಚ್ಚಾದರೆ ಸುಮಾರು 6 ಡೆಸಿಬೆಲ್‌ನಷ್ಟು ಹರವು ಹೆಚ್ಚುತ್ತದೆ. 16 ಬಿಟ್‌ಗೆ 96 ಡೆಸಿಬೆಲ್, 24 ಬಿಟ್‌ಗೆ 144. ಫ್ಯಾನ್ ತಿರುಗುವ ಕೋಣೆಯಲ್ಲೇ 40 ಡೆಸಿಬೆಲ್ ಗದ್ದಲವಿದ್ದು, ಹಾಡು 80ರ ಆಸುಪಾಸಿನಲ್ಲಿದ್ದರೆ ನಮಗೆ ಸಿಗುವ ಹರವು 40 ಮಾತ್ರ. ಉಳಿದ ಬಿಟ್‌ಗಳು ಫ್ಯಾನಿನ ಸದ್ದನ್ನು ಬಲು ನಿಖರವಾಗಿ ದಾಖಲಿಸುತ್ತವೆ!

32-ಬಿಟ್ ಫ್ಲೋಟ್‌ಗೆ ನಿಜವಾದ ಉಪಯೋಗವೊಂದಿದೆ. ಡೊಳ್ಳಿನ ತಂಡ ಮೆಲ್ಲಗೆ ಶುರುಮಾಡಿ ಒಮ್ಮೆಲೇ ಏರಿದಾಗ ಸಾಮಾನ್ಯ ರೆಕಾರ್ಡರಿನಲ್ಲಿ ಸದ್ದು ಒಡೆಯುತ್ತದೆ. ಇದರಲ್ಲಿ ಆ ಭಾಗವನ್ನು ಆಮೇಲೆ ತಗ್ಗಿಸಿಕೊಳ್ಳಬಹುದು. ಆದರೆ ಪೆಟ್ಟಿನ ಜೋರಿಗೆ ಮೈಕೇ ಸೋತಿದ್ದರೆ ಯಾವ ಫ್ಲೋಟ್ ಕೂಡ ಅದನ್ನು ಉಳಿಸಲಾರದು.

ಒಂದು ಗೇಣಿನ ಬೆಲೆ

ಮೈಕ್ ಅಗ್ಗವಾಗಿದ್ದರ ಹಿಂದೆ ಒಳ್ಳೆಯ ವಿಜ್ಞಾನವಿದೆ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್, ವಿದ್ಯುದಾವೇಶವನ್ನು ವರ್ಷಗಟ್ಟಲೆ ಹಿಡಿದಿಡುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ಇಲೆಕ್ಟ್ರೆಟ್ ಮೈಕ್ ರೂಪಿಸಿದರು. ಕಾಲರ್ ಮೈಕಿನಿಂದ ಹಿಡಿದು ಅಗ್ಗದ ಅನೇಕ 'ಸ್ಟುಡಿಯೊ ಮೈಕ್'ಗಳವರೆಗೆ ಒಳಗಿರುವುದು ಕಂಡೆನ್ಸರ್ ಜಾತಿಯ ಈ ಪುಟ್ಟ ಬಿಲ್ಲೆಯೇ.

'ಕಂಡೆನ್ಸರ್ ಮೈಕ್ ಗದ್ದಲ ಎಳೆಯುತ್ತದೆ, ಡೈನಾಮಿಕ್ ಎಳೆಯುವುದಿಲ್ಲ' ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಡೈನಾಮಿಕ್ ಮೈಕಿನಲ್ಲಿ ಗದ್ದಲ ಕಡಿಮೆ ಅನ್ನಿಸುವುದಕ್ಕೆ ಮುಖ್ಯ ಕಾರಣ, ಅದನ್ನು ಬಾಯಿಗೆ ಹತ್ತಿರ ಹಿಡಿಯುತ್ತೇವೆ ಎಂಬುದು. ದೂರ ಅರ್ಧಕ್ಕಿಳಿದರೆ ದನಿ 6 ಡೆಸಿಬೆಲ್ ಏರುತ್ತದೆ. ಮೈಕನ್ನು ಒಂದು ಮೀಟರಿನಿಂದ ಗೇಣುದ್ದಕ್ಕೆ ತಂದರೆ 12ಕ್ಕೂ ಹೆಚ್ಚು ಡೆಸಿಬೆಲ್ ಲಾಭ. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ.

ಫೋಮ್ ಬದಲು ಕೌದಿ

ತಗಡಿನ ಮಾಡು, ಸಿಮೆಂಟು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಹಾಡು ನಾಲ್ಕೂ ಕಡೆಯಿಂದ ಮರಳಿ ಬಡಿದು ಕಲಸಿಹೋಗುತ್ತದೆ. ಇದಕ್ಕೆ ಮದ್ದೆಂದು ಮಾರುವ ಫೋಮ್ ಸಾಮಾನ್ಯವಾಗಿ ಎರಡು ಇಂಚು ದಪ್ಪ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣಗಳು ಅಲುಗಾಡುವುದೇ ಇಲ್ಲ. ತರಂಗದೂರದ ಕಾಲುಭಾಗದಷ್ಟು ಈಚೆ ಅವು ಅತಿ ಹೆಚ್ಚು ಅಲುಗಾಡುತ್ತವೆ. ಎಳೆಗಳ ನಡುವೆ ತಿಕ್ಕಿ ಸದ್ದು ಶಾಖವಾಗಿ ಕರಗಬೇಕಾದರೆ ಫೋಮ್ ಇಲ್ಲವೇ ಬಟ್ಟೆ ಅಲ್ಲಿರಬೇಕು. ಈ ಲೆಕ್ಕದಂತೆ ಎರಡಿಂಚಿನ ಫೋಮ್ ಅತಿ ಚೆನ್ನಾಗಿ ಹೀರುವುದು ಸುಮಾರು 1,700 ಹರ್ಟ್ಜ್‌ಗೆ ಮೇಲಿನದನ್ನು. ಮೊಟ್ಟೆಯ ಟ್ರೇ ಅಷ್ಟನ್ನೂ ಮಾಡದು. ಬೆಂಕಿಯ ಭಯ ಬೇರೆ.

ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ದಪ್ಪ ಕೌದಿಯನ್ನು ಗೋಡೆಯಿಂದ ಒಂದು ಗೇಣು ಈಚೆ ಹಗ್ಗಕ್ಕೆ ತೂಗುಹಾಕಿ. 20 ಸೆಂಟಿಮೀಟರ್ ಅಂತರಕ್ಕೆ ಅದು ಸುಮಾರು 430 ಹರ್ಟ್ಜ್‌ನ ಸದ್ದನ್ನೂ ಹಿಡಿಯುತ್ತದೆ. ಏರುದನಿಯ ಹಾಡಿಗೆ ಬೇಕಾದದ್ದು ಅದೇ. ಅದೇ ಕೌದಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆದರೆ ಕೆಲಸ ಅರ್ಧಕ್ಕೂ ಕಡಿಮೆ. ಡೊಳ್ಳಿನ 100 ಹರ್ಟ್ಜ್ ನಾದದ ತರಂಗದೂರ ಮೂರೂವರೆ ಮೀಟರಿನಷ್ಟಿದ್ದು, ಅದಕ್ಕೆ ಕೌದಿ ಸಾಲದು. ಮೂಲೆಯಲ್ಲಿ ಪೇರಿಸಿದ ಹತ್ತಿ ಅಂಡಿಗೆ ಒಂದಷ್ಟು ನೆರವಾದೀತು. ಇಲ್ಲವೇ ಡೊಳ್ಳನ್ನು ಬಯಲಿನಲ್ಲೇ ಮುದ್ರಿಸಬೇಕು. ಮರಳಿ ಬಡಿಯಲು ಅಲ್ಲಿ ಗೋಡೆಯಿಲ್ಲ, ಮೈಕಿಗೆ ಗಾಳಿ ತಡೆಯುವ ಹೊದಿಕೆಯಿದ್ದರೆ ಸಾಕು.

ಕೊನೆಯದು 'ನಾಯ್ಸ್ ಕ್ಯಾನ್ಸಲ್' ಗೀಳು. ಏರಿಳಿತವಿಲ್ಲದೆ ಒಂದೇ ಸಮನೆ ಬರುವುದನ್ನು ಈ ತಂತ್ರ ಗದ್ದಲವೆಂದೇ ಎಣಿಸುತ್ತದೆ. ಭಜನೆಯಲ್ಲಿ ಹಾರ್ಮೋನಿಯಮ್ಮಿನ ಎಳೆದ ಶ್ರುತಿಯೂ ಹಾಗೆಯೇ ಇರುವುದರಿಂದ ಫ್ಯಾನಿನ ಜೊತೆಗೆ ಅದನ್ನೂ ಅಳಿಸಿಹಾಕುತ್ತದೆ. ಮಾತಿಗೆಂದು ಮಾಡಿದ್ದನ್ನು ಹಾಡಿಗೆ ಬಳಸಬಾರದು, ಸೆಟ್ಟಿಂಗ್‌ನಲ್ಲಿ ಆರಿಸಿಬಿಡಿ.

ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಬಾಲ ಕೇಳಿಸಿದರೆ ಮೊದಲ ಖರ್ಚು ಕೋಣೆಗೆ, ಎರಡನೆಯದು ಮೈಕ್ ಹತ್ತಿರ ತರುವ ಸ್ಟ್ಯಾಂಡಿಗೆ, ಮೈಕಿನ ಸರದಿ ಆಮೇಲೆ. ಮೂಲ ಕಡತವನ್ನು ಕುಗ್ಗಿಸದೆ ಡಬ್ಲ್ಯೂಎವಿ ರೂಪದಲ್ಲಿಡಿ. ಆರಂಭದಲ್ಲಿ ಹಾಡುವವರ ಹೆಸರು, ಊರು, ತಾರೀಖನ್ನು ಅವರ ಬಾಯಿಂದಲೇ ಹೇಳಿಸಿ. ಮುಂದೆ ಈ ಪದಗಳ ಮೇಲೆ ಅಧ್ಯಯನ ಮಾಡುವವರು ಮೊದಲು ಕೇಳುವುದು ಅದನ್ನೇ.