ಡಂಬಳದ ತಾರೆ, ನಾಗಪುರದ ಪ್ರತಿಜ್ಞೆ

ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಸಿಗುವ ಡಂಬಳಕ್ಕೆ ಜನ ಹೋಗುವುದು ನಕ್ಷತ್ರದ ತಳವಿನ್ಯಾಸದ ದೊಡ್ಡಬಸಪ್ಪನ ಗುಡಿಗೆ, ಅಲ್ಲಿನ ವಿಶಾಲವಾದ ಕೆರೆಗೆ. ಧರ್ಮವೊಳಲ್ ಎನಿಸಿಕೊಂಡಿದ್ದ ಇದೇ ಊರಿನಲ್ಲಿ ಒಂದು ಕಾಲಕ್ಕೆ ಬೌದ್ಧ ವಿಹಾರವಿತ್ತು ಎಂಬುದು ಸುತ್ತಲಿನ ಎಷ್ಟೋ ಮಂದಿಗೆ ಗೊತ್ತಿಲ್ಲ.

ಅದಕ್ಕೆ ಸಾಕ್ಷಿ ಶಕ 1017ರ, ಅಂದರೆ ಕ್ರಿ.ಶ. 1095–96ರ ಶಾಸನ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ್ದು. ರಾಣಿ ಲಕ್ಷ್ಮಾದೇವಿ ಆಗ ಈ ಭಾಗವನ್ನು ಆಳುತ್ತಿದ್ದಳು. ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ ಲೊಕ್ಕಿಗುಂಡಿಯ ಸೆಟ್ಟಿ ಸಂಗವಯ್ಯ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ಬಿಟ್ಟ ದತ್ತಿ ಅದರಲ್ಲಿದೆ. ಲೊಕ್ಕಿಗುಂಡಿ ಎಂದರೆ ಇಂದಿನ ಲಕ್ಕುಂಡಿ.

ಶಾಸನದ ಸ್ತುತಿಯಲ್ಲಿ ಬೌದ್ಧರ ಈ ದೇವತೆ ತಾರೆ ಎಂಟು ಭಯಗಳಿಂದ ಕಾಯುವ ತಾಯಿ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ. ಸರಕು ಹೇರಿಕೊಂಡು ಊರೂರು ಸುತ್ತುವ ವ್ಯಾಪಾರಿಗೆ ಎದುರಾಗುವ ಆಪತ್ತುಗಳೇ ಇದರಲ್ಲಿ ಹೆಚ್ಚು. ಸೆಟ್ಟಿಗಳು ಆಕೆಗೆ ನಡೆದುಕೊಂಡದ್ದು ಸಹಜವೇ.

ಆ ತಾರಾಪಂಥ ಈ ನಾಡಿನಲ್ಲಿ ಪೂರ್ತಿ ಅಳಿಯಿತು. ಆದರೆ ಅದೇ ಸೀಮೆಯ ಜೈನಧರ್ಮ ಉಳಿಯಿತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯ, ಲಕ್ಷ್ಮೇಶ್ವರದ ಶಂಖ ಬಸದಿ ಇಂದಿಗೂ ನಿಂತಿವೆ. ದತ್ತಿ ಬೌದ್ಧ, ಜೈನ ಎರಡಕ್ಕೂ ಇತ್ತು; ವ್ಯತ್ಯಾಸ ಬೇರೆಡೆ ಇತ್ತು. ಜೈನರಲ್ಲಿ ಮುನಿಗಳ ಜೊತೆಗೆ ಶ್ರಾವಕರಿಗೂ ವ್ರತ, ನೇಮಗಳಿದ್ದವು. ಧರ್ಮ ಮನೆಮನೆಯಲ್ಲಿ ಬೇರೂರಿತ್ತು. ಬೌದ್ಧರಲ್ಲಿ ಧರ್ಮವನ್ನು ಉಳಿಸುವ ಭಾರ ಹೆಚ್ಚಾಗಿ ವಿಹಾರದ ಮೇಲೆಯೇ ಬಿದ್ದಿತ್ತು.

ಈ ಕೊರತೆಯನ್ನು ಚೆನ್ನಾಗಿ ಗುರುತಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಭಿಕ್ಷುವಿಗೆ ಸಂಘದ ದೀಕ್ಷೆ ಇತ್ತು, ಗೃಹಸ್ಥನಿಗೆ ಪ್ರತ್ಯೇಕ ಧಮ್ಮದೀಕ್ಷೆ ಇರಲಿಲ್ಲ. ಭಾರತದಲ್ಲಿ ಬೌದ್ಧಧರ್ಮ ಕುಸಿಯಲು ಅದೂ ಒಂದು ಕಾರಣ ಎಂದು ಅವರು ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಮೊದಲು ತಾವು ದೀಕ್ಷೆ ಪಡೆದು, ಆಮೇಲೆ ನೆರೆದಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದರು. ಅಂಬೇಡ್ಕರರ ಈ ಬೌದ್ಧ ಮಾರ್ಗ, ನವಯಾನ, ಹುಟ್ಟಿದ್ದು ಹೀಗೆ. ನಮ್ಮ ನಾಡಿಗೂ ಬೌದ್ಧಧರ್ಮ ಮರಳಿದೆ; ಕಲಬುರಗಿಯಲ್ಲಿ ಈಗ ದೊಡ್ಡ ಬುದ್ಧವಿಹಾರವೇ ಇದೆ.

ಡಂಬಳದ ತಾರಾಪಂಥ, ನಾಗಪುರದ ನವಯಾನ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಡಂಬಳದ ಭಕ್ತ ತಾರೆಯಲ್ಲಿ ರಕ್ಷಣೆ ಬೇಡಿದ. ನವಯಾನದ ಬೌದ್ಧ ಯಾವ ದೇವರನ್ನೂ ಬೇಡುವುದಿಲ್ಲ. ಸುಳ್ಳಾಡೆನು, ಕದಿಯೆನು, ಕುಡಿಯೆನು, ಎಲ್ಲ ಮನುಷ್ಯರೂ ಸಮಾನರೆಂದು ನಂಬುವೆನು ಎಂದು ತನಗೆ ತಾನೇ ಮಾತು ಕೊಡುತ್ತಾನೆ. ಅಲ್ಲಿ ಹಣವುಳ್ಳವರು ವಿಹಾರ ಕಟ್ಟಿಸಿದರು. ಇಲ್ಲಿ ಊರಿನ ಬಾವಿಯ ನೀರನ್ನೂ ಮುಟ್ಟಗೊಡದೆ ದೂರವಿಡಲಾಗಿದ್ದ ಜನ ತಾವೇ ಧರ್ಮವನ್ನು ಆರಿಸಿಕೊಂಡರು. ತಾರೆಯ ಎಂಟು ಭಯಗಳ ಪಟ್ಟಿಯಲ್ಲಿ ಅಸ್ಪೃಶ್ಯತೆ ಇರಲಿಲ್ಲ. ಅಂಬೇಡ್ಕರರ ಧಮ್ಮ ಮೊದಲು ಕೈಹಾಕಿದ್ದೇ ಆ ಭಯಕ್ಕೆ.

ದತ್ತಿಯ ಬಲದಿಂದ ವಿಹಾರ ಕೆಲವು ತಲೆಮಾರು ನಡೆದೀತು. ಧರ್ಮ ನಡೆಯಬೇಕಾದರೆ ಅದು ಪ್ರತಿ ಮನೆಯ ನಡತೆಯಾಗಬೇಕು. ನವಯಾನದ ಮುಂದಿರುವ ಪರೀಕ್ಷೆಯೂ ಇದೇ: ಜಯಂತಿಯ ಮೆರವಣಿಗೆಗೆ, ಪುತ್ಥಳಿಯ ಮಾಲೆಗೆ ನಿಂತುಬಿಡದೆ ಆ 22 ಪ್ರತಿಜ್ಞೆಗಳು ಮಕ್ಕಳ ಬದುಕಿಗೆ ಇಳಿಯಬೇಕು. ಗದಗ ಸೀಮೆಯ ಶಾಲೆಗಳಲ್ಲಿ ಡಂಬಳದ ಶಾಸನವನ್ನೂ ನಾಗಪುರದ ಪ್ರತಿಜ್ಞೆಯನ್ನೂ ಒಟ್ಟಿಗೆ ಓದಿಸಿದರೆ, ಒಂದು ಏಕೆ ಅಳಿಯಿತು, ಇನ್ನೊಂದು ಏಕೆ ಬೇಕಾಯಿತು ಎಂಬುದು ಮಕ್ಕಳಿಗೇ ಹೊಳೆಯುತ್ತದೆ.