ನೆಲದೊಳಗಿದ್ದ ಊರು

ಅಮೆರಿಕದ ಕ್ಯಾನ್ಸಸ್ ರಾಜ್ಯ, ಗ್ರಹಾಂ ಕೌಂಟಿ. ಹೆದ್ದಾರಿ ಬದಿಯ ಈ ಸ್ಮಾರಕ ಫಲಕ ನೋಡಿ: ನಿಕೋಡೆಮಸ್. ‘ಪಯೋನಿಯರ್’, ಹೊಸ ನೆಲದಲ್ಲಿ ಮೊದಲು ನೆಲೆಯೂರಿದವರು, ಅಂದರೆ ಬಿಳಿಯರ ಎತ್ತಿನಗಾಡಿಯೇ ಕಣ್ಮುಂದೆ ಬರುತ್ತೆ, ಅಲ್ವಾ? ಆದರೆ ಈ ಊರನ್ನು 1877ರಲ್ಲಿ ಕಟ್ಟಿದ್ದು ಕೆಂಟಕಿಯಿಂದ ಬಂದ ಕಪ್ಪು ಜನ. ಹೆಚ್ಚಿನವರು ಗುಲಾಮಗಿರಿಯಿಂದ ಹೊರಬಂದು ಆಗಿನ್ನೂ ಹನ್ನೆರಡೇ ವರ್ಷ.

ಮರುವರ್ಷ ವಿಲಿಯಾನಾ ಹಿಕ್‌ಮನ್ ಕುಟುಂಬ ಬಂತು. ‘ಊರೆಲ್ಲಿ?’ ಅಂತ ಆಕೆ ಕೇಳಿದರೆ, ಗಂಡ ನೆಲದಿಂದ ಏಳುತ್ತಿದ್ದ ಹೊಗೆ ತೋರಿಸಿದರು. ಮನೆ ಕಟ್ಟಲು ಮರವೇ ಇಲ್ಲದ ಬಯಲು. ಜನ ಮಣ್ಣು ಅಗೆದು, ಆ ಗುಂಡಿಯೊಳಗೇ ಒಲೆ ಹಚ್ಚಿ ಸಂಸಾರ ಮಾಡುತ್ತಿದ್ದರು. ಆಕೆ ಅತ್ತೇಬಿಟ್ಟರು. ಆದರೆ ವಾಪಸು ಹೋಗಲಿಲ್ಲ.

ಊರಿನ ಮೊದಲ ಚಳಿಗಾಲದಲ್ಲಿ ಒಸಾಜ್ ಬುಡಕಟ್ಟಿನ ಬೇಟೆಗಾರರು ಆಹಾರ ಕೊಟ್ಟು ಉಳಿಸಿದರು ಅಂತ ಇಲ್ಲಿನವರು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆಮೇಲೆ ಚರ್ಚು, ಶಾಲೆ, ಹೋಟೆಲ್, ಪತ್ರಿಕೆ ಎಲ್ಲವೂ ಬಂದವು. ರೈಲು ಮಾತ್ರ ಬರಲಿಲ್ಲ. 1888ರಲ್ಲಿ ಹಳಿ ಬೇರೆ ಕಡೆ ಹೋಯಿತು, ಅಂಗಡಿಗಳೂ ಅದರ ಹಿಂದೆಯೇ ಹೋದವು.

ಫಲಕ ಓದಿ ಮುಂದೆ ಹೋಗಬೇಡಿ, ಊರೊಳಗೆ ಇಳಿಯಿರಿ. ಹಳೆಯ 5 ಕಟ್ಟಡಗಳಿವೆ. 1996ರಿಂದ ಇದು ರಾಷ್ಟ್ರೀಯ ಐತಿಹಾಸಿಕ ತಾಣ. ಪ್ರತಿ ಬೇಸಿಗೆ ವಂಶಸ್ಥರು ದೂರದೂರದಿಂದ ಬಂದು ಇಲ್ಲಿ ಬಿಡುಗಡೆಯ ಹಬ್ಬ ಮಾಡುತ್ತಾರೆ.